ಐವತ್ತೇಳನೆಯ ಕೈ

೨೦೧೨ ನವೆಂಬರ್ ೨೩, ಶುಕ್ರವಾರ

ನನ್ನನ್ನು ಆರಿಸಿಬಿಟ್ಟರು. ಕೇಳಲಿಲ್ಲ, ಹೇಳಲಿಲ್ಲ, ಕುರಿ ಹಿಡಿದಂತೆ ಹಿಡಿದರು.

ಗ್ರಾಮಸಭೆ ಎಂದಿನಂತೆ ಶಾಲೆಯ ಹಾಲ್‌ನಲ್ಲಿತ್ತು. ನಾನೂ ಎಂದಿನಂತೆ ಕೊನೆಯ ಸಾಲಿನಲ್ಲಿ ಕೂತು, ಹಿಮ ತಳ್ಳುವ ಬಂಡಿ ಸ್ಮಶಾನದ ದಾರಿಗೆ ಬರುವುದೇ ಇಲ್ಲ ಎಂದು ಜಗಳ ತೆಗೆದಿದ್ದೆ. ಹೋದ ವರ್ಷವೂ ತೆಗೆದಿದ್ದೆ, ಅದರ ಹಿಂದಿನ ವರ್ಷವೂ. ಆಮೇಲೆ ಪಂಚಾಯಿತಿಯಲ್ಲಿ ಖಾಲಿಯಿದ್ದ ಐದನೆಯ ಸ್ಥಾನದ ಮಾತು ಬಂತು. ಯಾರು ನಿಲ್ಲುತ್ತೀರಿ ಎಂದು ಅಧ್ಯಕ್ಷ ಪ್ಲಾನ್ಸರ್ ಎರಡು ಸಲ ಕೇಳಿದ. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಆಗ ಕೆಳಗಿನ ಕೇರಿಯ ರೈತ ಮೆಲ್ಕ್ ಹೆರ್ಗರ್ ಎದ್ದು ನಿಂತ.

"ಅಗಾಥಾ ಹೆಸರು ಬರ್ಕೊಳ್ಳಿ. ಮೂವತ್ತು ವರ್ಷ ಟಪಾಲು ಹಂಚಿದಾಳೆ, ಎಲ್ಲರ ಮನೆ ಬಾಗಿಲೂ ಗೊತ್ತು. ಬಾಯಂತೂ ಇದ್ದೇ ಇದೆ. ಅಂಚೆ ಕಚೇರಿ ಮುಚ್ಚಿದ ಮೇಲೆ ಕೆಲಸ ಮಾತ್ರ ಇಲ್ಲ."

ಹಾಲ್ ತುಂಬ ನಗು. ನಗುತ್ತಲೇ ಕೈ ಎತ್ತಿದರು. ನನ್ನ ತಮ್ಮ ಅಂಬ್ರೋಸ್ ಎರಡೂ ಕೈ ಎತ್ತಿದ, ಲೆಕ್ಕಕ್ಕೆ ಒಂದೇ ಎಂದು ಗೊತ್ತಿದ್ದರೂ.

ನವೆಂಬರ್ ೨೬, ಸೋಮವಾರ

ಒಲ್ಲೆ ಎಂದು ಬರೆದುಕೊಡಲು ಪಂಚಾಯಿತಿಗೆ ಹೋದೆ. ಕಾರ್ಯದರ್ಶಿ ನನ್ನ ಕಾಗದವನ್ನು ಓದಲೂ ಇಲ್ಲ, ಕಪಾಟಿನಿಂದ ಕಾನೂನಿನ ಪುಸ್ತಕ ತೆಗೆದು ನನ್ನ ಮುಂದೆ ಹರವಿದ. ನಮ್ಮ ಕ್ಯಾಂಟನ್ನಿನ ಸರ್ಕಾರದ ಕಾನೂನಿನಲ್ಲಿ ಊರು ಆರಿಸಿದ ಮೇಲೆ ಒಲ್ಲೆ ಎನ್ನುವ ಹಾಗಿಲ್ಲ. ಅರವತ್ತೈದು ದಾಟಿರಬೇಕು, ಇಲ್ಲವೇ ಹಾಸಿಗೆ ಹಿಡಿದಿರಬೇಕು. ನನಗೆ ಐವತ್ತೆಂಟು, ಆರೋಗ್ಯ ಹೇಸರಗತ್ತೆಯದು.

ಎರಡು ವರ್ಷ. ಜನವರಿ ಒಂದರಿಂದ ಏಳುನೂರ ಮೂವತ್ತು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತೇನೆ.

೨೦೧೩ ಜನವರಿ ೧೪, ಸೋಮವಾರ

ಪಂಚಾಯಿತಿಯಲ್ಲಿ ಅವರ ಮೊದಲ ಸಭೆ. ಖಾತೆ ಹಂಚಿದರು. ರಸ್ತೆ ಒಬ್ಬನಿಗೆ, ಕಾಡು ಇನ್ನೊಬ್ಬನಿಗೆ, ಶಾಲೆ ಮತ್ತೊಬ್ಬನಿಗೆ. ಎಲ್ಲ ಮೊದಲೇ ಮಾತಾಡಿಕೊಂಡು ಬಂದಿದ್ದರು. ನನಗೆ ಉಳಿದದ್ದು ಸ್ಮಶಾನ ಮತ್ತು ಹಾಲ್‌ನ ಕುರ್ಚಿಗಳು. ಸತ್ತವರೂ ಕುರ್ಚಿಗಳೂ ಎದುರು ಮಾತಾಡುವುದಿಲ್ಲ, ನಿನಗೆ ಹಾಯಾಗಿರುತ್ತದೆ ಎಂದು ಪ್ಲಾನ್ಸರ್ ಸಮಾಧಾನ ಹೇಳಿದ.

ಇನ್ನು ಏಳುನೂರ ಹದಿನೇಳು.

ಮಾರ್ಚ್ ೯, ಶನಿವಾರ

ರೋಪ್‌ವೇ ಹತ್ತಿ ಬೆಟ್ಟದ ಮೇಲೆ ಹೋಖೆಗ್‌ನಲ್ಲಿರುವ ತಮ್ಮನ ಮನೆಗೆ ಹೋಗಿ ಬಂದೆ. ಅಂಬ್ರೋಸನ ಮುಖ ಸಪ್ಪಗಿತ್ತು. ಕ್ಯಾಂಟನ್ನಿನಿಂದ ಕಾಗದ ಬಂದಿದೆ. ರೋಪ್‌ವೇಯ ಹಗ್ಗಕ್ಕೂ ಕಂಬಗಳಿಗೂ ವಯಸ್ಸಾಗಿದೆ, ಅಕ್ಟೋಬರ್ ಕೊನೆಯ ತನಕ ಮಾತ್ರ ಪರವಾನಗಿ. ಊರು ಹೊಸದು ಕಟ್ಟಬೇಕು ಅಥವಾ ಮುಚ್ಚಬೇಕು. ಮೇ ತಿಂಗಳ ಗ್ರಾಮಸಭೆಗೆ ವಿಷಯ ಬರುತ್ತದೆ.

ಮೇಲೆ ಮೂರು ಮನೆಗಳಿವೆ, ಚಳಿಗಾಲದಲ್ಲೂ ಒಲೆ ಉರಿಯುವುದು ಅಂಬ್ರೋಸನ ಮನೆಯಲ್ಲಿ ಮಾತ್ರ. ರಸ್ತೆಯಿಲ್ಲ. ನಡೆದರೆ ಎರಡು ಗಂಟೆ, ಹಿಮ ಬಿದ್ದರೆ ಅದೂ ಇಲ್ಲ. ಹಾಲು ಇಳಿಯುವುದು, ಹಿಟ್ಟು ಹತ್ತುವುದು, ಡಾಕ್ಟರು ಬರುವುದು ಎಲ್ಲ ಹಗ್ಗಕ್ಕೆ ತೂಗುವ ಆ ನಾಲ್ಕು ಜನರ ಡಬ್ಬಿಯಲ್ಲೇ. ಅದು ನಿಂತರೆ ಅವನು ಮನೆ ಬಿಟ್ಟು ಇಳಿಯಲೇಬೇಕು. ನಾವಿಬ್ಬರೂ ಹುಟ್ಟಿದ್ದು ಅಲ್ಲೇ.

ಹಲೀನಾ ಆಲೂಗಡ್ಡೆ ಹಾಕಿದ ಮ್ಯಾಕರೋನಿಗೆ ಚೀಸ್ ಸುರಿದು, ಪಕ್ಕದಲ್ಲಿ ಸೇಬಿನ ಗೊಜ್ಜು ಇಟ್ಟಳು. ಒಂದು ಬೇಸಿಗೆಯ ಕೆಲಸಕ್ಕೆಂದು ಪೋಲೆಂಡಿನಿಂದ ಬಂದವಳು, ಅವನ ಮನೆಯಲ್ಲೇ ಉಳಿದು ಹತ್ತೊಂಬತ್ತು ವರ್ಷವಾಯಿತು. ಮದುವೆಯ ಮಾತೆತ್ತಿದರೆ ಇಬ್ಬರೂ ಕೊಟ್ಟಿಗೆಯ ಕಡೆ ನೋಡುತ್ತಾರೆ. ಅಂಬ್ರೋಸ್ ಕರೆದಂತೆ ಅವಳೂ ನನ್ನನ್ನು ಅಕ್ಕ ಎನ್ನುತ್ತಾಳೆ. ಹದಿನಾಲ್ಕು ಹಸುಗಳಲ್ಲಿ ಯಾವುದಕ್ಕೆ ಯಾವ ಮೊಲೆಯಲ್ಲಿ ಹಾಲು ಕಡಿಮೆ ಎಂದು ಅವನಿಗಿಂತ ಚೆನ್ನಾಗಿ ಅವಳಿಗೆ ಗೊತ್ತು.

ಇನ್ನು ಆರುನೂರ ಅರವತ್ತಮೂರು. ಆದರೂ ಮೇ ಸಭೆಗೆ ನಾನು ಪಂಚಾಯಿತಿಯಲ್ಲಿರುವುದು ಒಳ್ಳೆಯದೇ ಆಯಿತು.

ಮೇ ೨೪, ಶುಕ್ರವಾರ

ಗೆದ್ದೆವು. ರೋಪ್‌ವೇ ಬೇಕು ಎಂದವರು ಐವತ್ತೇಳು, ಬೇಡ ಎಂದವರು ಐವತ್ತಾರು.

ಇದನ್ನು ಬರೆದು ಲೇಖನಿ ಕೆಳಗಿಟ್ಟು ಒಂದು ಗಂಟೆಯಾಯಿತು. ಉಳಿದದ್ದನ್ನೂ ಬರೆಯುತ್ತೇನೆ, ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ.

ಮತ ಇಲ್ಲದವರಿಗೆ ಹಾಲ್‌ನಲ್ಲಿ ಗೋಡೆ ಪಕ್ಕ ಬೇರೆ ಬೆಂಚು ಇರುತ್ತದೆ. ಪತ್ರಿಕೆಯವನು, ಬೇರೆ ಊರಿನ ಟೀಚರ್, ಹಲೀನಾಳಂತೆ ಪೌರತ್ವ ಇಲ್ಲದವರು ಅಲ್ಲಿ ಕೂರಬೇಕು. ಅವರನ್ನು ಕೂರಿಸುವುದು ಈಗ ನನ್ನ ಕೆಲಸ. ಇವತ್ತು ಮಳೆಯಿತ್ತು, ಬಂದವರೆಲ್ಲ ಒದ್ದೆ ಕೋಟುಗಳನ್ನು ಆ ಬೆಂಚಿನ ಮೇಲೆ ರಾಶಿ ಹಾಕಿದ್ದರು. ಹಲೀನಾ ಹಾಲು ಕರೆದು ಮುಗಿಸಿ ತಡವಾಗಿ ಬಂದಳು. ಕೋಟು ಎತ್ತಿಡಲು ಸೋಮಾರಿತನವಾಗಿ, ಅಂಬ್ರೋಸನ ಪಕ್ಕದ ಖಾಲಿ ಕುರ್ಚಿ ತೋರಿಸಿ, ಅಲ್ಲೇ ಕೂತ್ಕೋ ಎಂದುಬಿಟ್ಟೆ.

ಚರ್ಚೆ ಒಂದೂವರೆ ಗಂಟೆ ನಡೆಯಿತು. ಮೆಲ್ಕ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಳಗಿನ ಕೇರಿಯ ನೀರಿನ ಕೊಳವೆ ಅಜ್ಜನ ಕಾಲದ್ದು, ಮೂವತ್ತು ಮನೆಗಳಿಗೆ ಕೆಂಪು ನೀರು ಬರುತ್ತದೆ. ಎರಡನ್ನೂ ಮಾಡುವ ಶಕ್ತಿ ಊರಿಗಿಲ್ಲ. ಒಂದು ಒಲೆಗಾಗಿ ಮೂವತ್ತು ನಲ್ಲಿ ಬಿಡಬೇಕೇ ಎಂದು ಕೇಳಿದ. ಕೊನೆಗೆ ಬೇಕು ಎನ್ನುವವರು ಕೈ ಎತ್ತಿ ಎಂದರು. ಎತ್ತಿದೆ. ಎತ್ತಿದ ಕೈ ಇಳಿಸುವ ಮೊದಲು ತಮ್ಮನ ಕಡೆ ನೋಡಿದೆ. ಅವನ ಪಕ್ಕದಲ್ಲಿ ಹಲೀನಾಳ ಕೈಯೂ ಮೇಲಿತ್ತು. ಎಣಿಸುವವನು ಸಾಲಿನ ತುದಿಯಲ್ಲಿ ನಿಂತು ಬೆರಳಾಡಿಸುತ್ತ ಮುಂದೆ ಹೋದ.

ಅವಳದನ್ನು ತೆಗೆದರೆ ಸಮಸಮ. ಬೇರೆ ಯಾರೂ ನೋಡಿಲ್ಲ.

ಮೇ ೨೫, ಶನಿವಾರ

ಯಾರಿಗೂ ಹೇಳಲಿಲ್ಲ. ಸ್ಮಶಾನದ ಬೇಲಿಗೆ ಬಣ್ಣ ಹೊಡೆದೆ.

ಮೇ ೨೬, ಭಾನುವಾರ

ಚರ್ಚಿನ ಪ್ರಾರ್ಥನೆ ಮುಗಿಸಿ ಹೋಖೆಗ್‌ಗೆ ಹೋದೆ. ಅಂಬ್ರೋಸ್ ಹೊಸ ಹಗ್ಗ ಬಂದರೆ ಇನ್ನೆರಡು ಹಸು ಕಟ್ಟುತ್ತೇನೆ ಎಂದು ಕೊಟ್ಟಿಗೆಯಲ್ಲಿ ಜಾಗ ಅಳೆಯುತ್ತಿದ್ದ. ಅವನಿಗೆ ಏನೂ ತಿಳಿದಂತಿಲ್ಲ. ಹಲೀನಾಳನ್ನು ಹಿಂದಿನ ಅಂಗಳಕ್ಕೆ ಕರೆದು ಕೇಳಿದೆ.

"ಕೈ ತಾನಾಗೇ ಎದ್ದಿತ್ತು ಅಕ್ಕ. ಇಳಿಸ್ಬೇಕು ಅನ್ನೋ ಹೊತ್ತಿಗೆ ಎಣಿಸಿ ಮುಗಿದಿತ್ತು."

ಹೇಳಿಬಿಡಲೇ ಎಂದು ಕೇಳಿದೆ. ಕೇಳಬಾರದಿತ್ತು.

"ಮತ ಇರೋದು ನಿಮಗೆ, ಪದವಿ ಇರೋದೂ ನಿಮಗೆ. ನನ್ನ ಹತ್ರ ಯಾಕೆ ಕೇಳ್ತೀರಿ?" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬಕೆಟ್ ತೊಳೆಯುತ್ತ ಹೇಳಿದಳು. ನನಗೆ ತುಂಬ ನಾಚಿಕೆಯಾಯಿತು. ಆ ಮನೆ ಉಳಿಯಲಿ ಎಂದು ಅವಳಷ್ಟು ಬಯಸುವವರು ಹಾಲ್‌ನಲ್ಲಿ ಯಾರೂ ಇರಲಿಲ್ಲ, ಅವಳೊಬ್ಬಳಿಗೇ ಕೈ ಎತ್ತುವ ಹಕ್ಕಿರಲಿಲ್ಲ.

ಊಟಕ್ಕೆ ನಿಲ್ಲದೆ ಇಳಿದು ಬಂದೆ.

ಮೇ ೨೮, ಮಂಗಳವಾರ

ಪ್ಲಾನ್ಸರನ ಮರದ ಮಿಲ್ಲಿಗೆ ಹೋಗಿ ಹೇಳಿದೆ. ಅವನು ಗರಗಸ ನಿಲ್ಲಿಸಿ, ಕಿವಿಗೆ ಹಾಕಿದ್ದನ್ನು ತೆಗೆದು, ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದೆ.

"ಅಗಾಥಾ, ಬೇಡ ಅಂತ ಕೈ ಎತ್ತಿದವನು ನಾನು. ಸೋತೆ, ಮನೆಗೆ ಹೋಗಿ ಮಲಗಿದೆ. ಗೆದ್ದವಳು ನೀನು ಬಂದು ನನ್ನನ್ನ ಎಬ್ಬಿಸ್ತಾ ಇದೀಯಲ್ಲ."

ದೂರು ಕೊಡಲು ಇನ್ನೂ ಆರು ದಿನ ಇದೆ, ಯಾರೂ ಕೊಡುವುದಿಲ್ಲ, ಸುಮ್ಮನೆ ಇದ್ದರೆ ತಾನಾಗೇ ಮುಗಿಯುತ್ತದೆ ಎಂದ. ನಿನ್ನ ತಮ್ಮನ ಮನೆ ಎಂದೂ ಹೇಳಿದ. ಅದು ನನಗೆ ಗೊತ್ತಿಲ್ಲವೇ. ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದವಳು ನಾನು ಎಂದೆ. ಇನ್ನೇನೋ ದೊಡ್ಡದಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ, ಅಷ್ಟೇ ಬಾಯಿಗೆ ಬಂತು.

ಅವನು ಹಲಗೆಯ ಮೇಲಿನ ಹೊಟ್ಟು ಕೊಡವಿದ. ಆಮೇಲೆ ಕಾರ್ಯದರ್ಶಿಗೆ ಫೋನ್ ಮಾಡಿದ. ಮತ ರದ್ದು, ಹೊಸದಾಗಿ ಹಾಕಬೇಕು ಎಂದಾಯಿತು. ಬದಲಾಗಿ ನಾನು ಒಂದನ್ನೇ ಕೇಳಿಕೊಂಡೆ, ನೋಟಿಸಿನಲ್ಲಿ ಹಲೀನಾಳ ಹೆಸರು ಬೇಡ, ಕುರ್ಚಿ ಹಾಕಿದವಳ ಹೆಸರು ಬರೆಯಿರಿ ಎಂದು. ಒಪ್ಪಿದ.

ಜೂನ್ ೧, ಶನಿವಾರ

ನೋಟಿಸ್ ಹಚ್ಚಿದ ಅರ್ಧ ಗಂಟೆಗೆ ಅಂಬ್ರೋಸ್ ಇಳಿದು ಬಂದ. ಕೂರಲಿಲ್ಲ, ಟೋಪಿ ತೆಗೆಯಲಿಲ್ಲ.

"ಒಂದ್ಸಲ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ಅಕ್ಕ ನಿನಗೆ? ಜೀವನದಲ್ಲಿ ಒಂದೇ ಒಂದ್ಸಲ."

ನಾನು ಕಾಫಿ ಇಟ್ಟೆ. ತಿರುಗಿ ನೋಡಿದರೆ ಹೋಗಿದ್ದ. ಎರಡು ಲೋಟ ಕಾಫಿಯನ್ನೂ ನಾನೇ ಕುಡಿದೆ.

ಜೂನ್ ೨೮, ಶುಕ್ರವಾರ

ಸೋತೆವು. ಐವತ್ತೈದು, ಅರವತ್ತನಾಲ್ಕು.

ಈ ಸಲ ಬೆಂಚು ಒರೆಸಿ ಖಾಲಿ ಇಟ್ಟಿದ್ದೆ. ಹಲೀನಾ ಎಲ್ಲರಿಗಿಂತ ಮೊದಲು ಬಂದು, ಯಾರೂ ಹೇಳದೆ, ಅಲ್ಲಿ ಕೂತಳು. ಚರ್ಚೆ ಮುಗಿಯುವ ಹೊತ್ತಿಗೆ ಎದ್ದು ಮಾತಾಡಲು ಅನುಮತಿ ಕೇಳಿದಳು. ಮತ ಇಲ್ಲದವರು ಮಾತಾಡಬೇಕಾದರೆ ಸಭೆ ಒಪ್ಪಬೇಕು. ಪ್ಲಾನ್ಸರ್ ಕೇಳಿದ, ಎಲ್ಲರೂ ಕೈ ಎತ್ತಿದರು, ಮೆಲ್ಕ್ ಎಲ್ಲರಿಗಿಂತ ಮೊದಲು.

"ಹೋದ ಸಲ ಎದ್ದಿದ್ದು ನನ್ನ ಕೈ," ಎಂದಳು. "ಮೋಸ ಮಾಡ್ಬೇಕು ಅಂತ ಅಲ್ಲ. ಹತ್ತೊಂಬತ್ತು ವರ್ಷದಿಂದ ಸಂಜೆ ಮೇಲೆ ನಿಂತು ನಿಮ್ಮ ಮನೆ ದೀಪಗಳನ್ನ ನೋಡ್ತೀನಿ. ನಾನೂ ಈ ಊರಿನವಳೇ ಅಂತ ಕೈಗೆ ಅನ್ನಿಸ್ಬಿಡ್ತು. ಅಷ್ಟೇ."

ನಾನು ಹೆಸರು ಮುಚ್ಚಿಟ್ಟಿದ್ದೆ, ಅವಳೇ ಬಿಚ್ಚಿಟ್ಟಳು. ಒಂದಿಬ್ಬರು ಕಣ್ಣೊರೆಸಿಕೊಂಡರು. ಈಗ ಗೆದ್ದೇಬಿಡುತ್ತೇವೆ ಎಂದುಕೊಂಡೆ. ಆದರೆ ಕೆಂಪು ನೀರು ಕೆಂಪಾಗಿಯೇ ಇತ್ತಲ್ಲ. ಹೋದ ಸಲ ಮಳೆಗೆ ಮನೆಯಲ್ಲೇ ಕೂತಿದ್ದ ಕೆಳಗಿನ ಕೇರಿಯವರು ಈ ಸಲ ಬಂದಿದ್ದರು. ಕಣ್ಣೊರೆಸಿಕೊಂಡವರೂ ಬೇಡ ಎಂದು ಕೈ ಎತ್ತಿದ್ದನ್ನು ಕಂಡೆ.

ಅಂಬ್ರೋಸ್ ಎದ್ದು, ಎಣಿಕೆ ತಪ್ಪು, ಕೆಳಗಿನ ಕೇರಿಯವರೇ ಎಣಿಸಿದ್ದಾರೆ, ಕಳ್ಳರು ಎಂದ. ಮತ್ತೆ ಎಣಿಸಿದರು. ಈ ಸಲ ಐವತ್ತೈದು, ಅರವತ್ತೈದು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ನನಗೆ ಅವನ ಹಿಂದೆ ಓಡಬೇಕೆನಿಸಿತು. ಆದರೆ ಕಾರ್ಯಸೂಚಿಯಲ್ಲಿ ಇನ್ನೂ ಎರಡು ವಿಷಯವಿತ್ತು, ನಾನು ಪಂಚಾಯಿತಿಯ ಮೇಜಿನ ಈಚೆ ಕೂತಿದ್ದೆ.

ಜುಲೈ ೧೪, ಭಾನುವಾರ

ಹೋಟೆಲಿನಲ್ಲಿ ಹಳೆಯ ಸ್ನೇಹಿತೆಯರು ಸುತ್ತುವರಿದರು. ಕ್ಯಾಂಟನ್ನಿಗೆ ದೂರು ಕೊಡು, ಕೋರ್ಟಿಗೆ ಹೋಗು, ನಿನ್ನ ಸ್ವಂತ ತಮ್ಮ ಎಂದರು. ಸಭೆಯಲ್ಲಿ ನಾವು ತೀರ್ಮಾನಿಸಿ ಆಗಿದೆ ಎಂದೆ. ನಾವು ಅಂದರೆ ಯಾರು, ನೀನೇ ಬೇಕು ಎಂದು ಕೈ ಎತ್ತಿದವಳಲ್ಲವೇ ಎಂದು ಒಬ್ಬಳು ಕೇಳಿದಳು. ನಾನು ತಟ್ಟೆ ಎಳೆದುಕೊಂಡೆ. ಸಾಸೇಜ್ ತಣ್ಣಗಾಗಿತ್ತು.

ಅಕ್ಟೋಬರ್ ೩೧, ಗುರುವಾರ

ಇವತ್ತು ರೋಪ್‌ವೇಗೆ ಬೀಗ ಹಾಕಿದೆ. ಆ ಕೆಲಸ ಯಾರಿಗೂ ಬೇಕಿರಲಿಲ್ಲ. ನಾನೇ ಕೇಳಿ ಪಡೆದೆ.

ಹಸುಗಳು ಸೆಪ್ಟೆಂಬರಿನಲ್ಲೇ ನಡೆದು ಇಳಿದಿದ್ದವು. ಮೂರು ದಿನದಿಂದ ಸಾಮಾನು ಇಳಿಯುತ್ತಿತ್ತು. ಕೊನೆಯ ಡಬ್ಬಿಯಲ್ಲಿ ಅಂಬ್ರೋಸ್, ಹಲೀನಾ, ಗೋಡೆ ಗಡಿಯಾರ, ಎರಡು ಕೋಳಿ. ಅಂಬ್ರೋಸ್ ನನ್ನ ಪಕ್ಕದಿಂದಲೇ ದಾಟಿಹೋದ. ಹಲೀನಾ ಮಾತ್ರ ಮನೆಯ ಬೀಗದ ಕೈ ನನ್ನ ಅಂಗೈಗೆ ಇಟ್ಟು, ಅವನ ಹತ್ರ ಇದ್ರೆ ದಿನಾ ಹತ್ತಿ ಹೋಗ್ತಾನೆ ಅಕ್ಕ, ನೀವೇ ಇಟ್ಕೊಳ್ಳಿ ಎಂದಳು.

ಹಸುಗಳಿಗೆ ಜಾಗ ಕೊಟ್ಟವನು ಮೆಲ್ಕ್. ಅರ್ಧ ಕೊಟ್ಟಿಗೆ ಖಾಲಿ ಮಾಡಿಸಿ, ತಾನೇ ಟ್ರ್ಯಾಕ್ಟರ್ ತಂದು, ಡಬ್ಬಿಯಲ್ಲಿ ಇಳಿದ ಹುಲ್ಲು ಹೇರಿಕೊಂಡು ಹೋದ. ಅಂಬ್ರೋಸ್ ಮೊದಲು ಬೇಡ ಎಂದನಂತೆ. ನಿನಗಲ್ಲ, ಹಸುಗಳಿಗೆ ಎಂದನಂತೆ ಮೆಲ್ಕ್.

ಬೀಗ ಹಾಕಿ ಮನೆಗೆ ಬಂದು ಅತ್ತೆ. ನಾನು ಅಳುವವಳಲ್ಲ. ಆ ಮೇ ತಿಂಗಳಲ್ಲಿ ಸುಮ್ಮನಿದ್ದಿದ್ದರೆ ಇವತ್ತು ಅವನ ಒಲೆಯ ಮುಂದೆ ಕೂತಿರುತ್ತಿದ್ದೆ. ಸರಿ ಮಾಡಿದೆ ಎಂದು ಗೊತ್ತಿದ್ದರೂ ಎದೆ ಹಗುರಾಗಲಿಲ್ಲ.

೨೦೧೪ ಫೆಬ್ರವರಿ ೬, ಗುರುವಾರ

ಮುದುಕಿ ಬಿಸ್ಸಿಗ್ ದಾರಿಯಲ್ಲಿ ಹಿಡಿದು, ಹಿಮದ ಬಂಡಿ ಸ್ಮಶಾನದ ಕಡೆ ಬರುತ್ತಿಲ್ಲ, ಗಂಡನ ಗೋರಿಗೆ ಹೂವಿಡಲು ಆಗುತ್ತಿಲ್ಲ ಎಂದು ಬೈದಳು. ಮೊದಲು ಶಾಲೆ, ಆಮೇಲೆ ಹಾಲಿನ ಗಾಡಿಯ ದಾರಿ, ಬಂಡಿ ಒಂದೇ, ಎಲ್ಲ ಕಡೆ ಒಟ್ಟಿಗೆ ಹೋಗಲು ಆಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಹಿಂದೆ ಕೂತು ಕೂಗುವುದು ಸುಲಭ ಎಂದೂ ಹೇಳಿದೆ. ಅವಳು ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತಳು, ಯಾಕೋ ತಿಳಿಯಲಿಲ್ಲ. ಮಧ್ಯಾಹ್ನ ಸಲಿಕೆ ತೆಗೆದುಕೊಂಡು ಹೋಗಿ ಅವಳ ಗಂಡನ ತನಕ ದಾರಿ ಬಿಡಿಸಿದೆ.

ಸೆಪ್ಟೆಂಬರ್ ೨೨, ಸೋಮವಾರ

ಕೊಳವೆಯ ಅಗೆತ ಮುಗಿಯಿತು. ಕೆಳಗಿನ ಕೇರಿಯಲ್ಲಿ ಒಂದು ಲೋಟ ನೀರು ಕುಡಿದೆ. ನೀರಿನ ಹಾಗೆಯೇ ಇತ್ತು.

ಡಿಸೆಂಬರಿಗೆ ನಿನ್ನ ಅವಧಿ ಮುಗಿಯುತ್ತದೆ, ಬಿಡುಗಡೆ ಬೇಕಿದ್ದರೆ ಈ ತಿಂಗಳೊಳಗೆ ಬರೆದುಕೊಡು ಎಂದು ಕಾರ್ಯದರ್ಶಿ ಫಾರಂ ಕೊಟ್ಟ. ಎಲ್ಲಿಟ್ಟೆನೋ, ಹುಡುಕಬೇಕು. ಮೊದಲು ಹಾಲ್‌ನ ಕಿಟಕಿಗಳ ರಿಪೇರಿ ನೋಡಿಕೊಳ್ಳಬೇಕು, ಚಳಿ ಬಂತು.

ಹಲೀನಾ ಪೌರತ್ವಕ್ಕೆ ಅರ್ಜಿ ಹಾಕಿ ವರ್ಷವಾಯಿತಂತೆ. ನನಗೂ ಹೇಳಿರಲಿಲ್ಲ. ನವೆಂಬರ್ ಸಭೆಗೆ ಬರುತ್ತದೆ.

ನವೆಂಬರ್ ೨೧, ಶುಕ್ರವಾರ

ಹಲೀನಾ ಈ ಊರಿನವಳಾದಳು. ಪರವಾಗಿ ತೊಂಬತ್ತೊಂದು, ವಿರುದ್ಧ ಎಂಟು. ಮುಂದೆ ರಾಜಧಾನಿ ಬರ್ನ್‌ನಿಂದ ಕಾಗದ ಬರಬೇಕು, ಅದು ಬಂದೇ ಬರುತ್ತದೆ. ನನ್ನ ಸ್ಥಾನಕ್ಕೂ ಚುನಾವಣೆ ನಡೆಯಿತು, ಬೇರೆ ಯಾರ ಹೆಸರೂ ಬರಲಿಲ್ಲ, ನಾನೂ ಏನೂ ಹೇಳಲಿಲ್ಲ.

ಬರೆಯಬೇಕೆಂದಿದ್ದು ಇದಲ್ಲ.

ಒಬ್ಬರ ಸ್ವಂತ ವಿಷಯ ಮತಕ್ಕೆ ಬಂದಾಗ ಅವರೂ ಅವರ ಮನೆಯವರೂ ಸಭೆಯಿಂದ ಎದ್ದು ಹೊರಗೆ ಹೋಗಬೇಕು. ರೋಪ್‌ವೇ ಊರಿನದು, ಆಗ ಎಲ್ಲರೂ ಒಳಗಿದ್ದೆವು. ಇದು ಹಲೀನಾಳದು. ಪ್ಲಾನ್ಸರ್ ಅವಳನ್ನು ಹೊರಗೆ ಕಳಿಸಿದ, ಅಂಬ್ರೋಸನನ್ನು ಕಳಿಸಿದ, ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀನೂ ಹೋಗು ಅಗಾಥಾ. ನಿನ್ನ ವಿಷಯದಲ್ಲಿ ಈ ಸಲ ಒಂದು ಕೂದಲೆಳೆಯಷ್ಟೂ ತಪ್ಪು ಬೇಡ," ಎಂದ. ಹಾಲ್ ನಕ್ಕಿತು.

ಮೂವರೂ ಹೊರಗಿನ ಮೊಗಸಾಲೆಯಲ್ಲಿ. ಬಾಗಿಲು ಹಾಕಿಕೊಂಡಿತು. ಅಲ್ಲಿರುವುದು ಶಾಲೆಯ ಮಕ್ಕಳು ಬೂಟು ಕಟ್ಟಿಕೊಳ್ಳುವ ಒಂದು ಗಿಡ್ಡ ಬೆಂಚು. ಅದರ ನಡುವೆ ಅಂಬ್ರೋಸ್ ಕೂತಿದ್ದ, ಮೊಣಕಾಲು ಗಲ್ಲಕ್ಕೆ ತಾಗುವಂತೆ. ಹಲೀನಾ ಕಿಟಕಿಯ ಹತ್ತಿರ. ನಾನು ಗೋಡೆಗೆ ಒರಗಿ ನಿಂತೆ. ಹದಿನೇಳು ತಿಂಗಳಿನಿಂದ ಅವನು ನನ್ನೊಡನೆ ಮಾತಾಡಿಲ್ಲ. ಒಳಗೆ ಯಾರೋ ಮಾತಾಡುತ್ತಿದ್ದರು, ಏನೆಂದು ಕೇಳಿಸಲಿಲ್ಲ. ಆಮೇಲೆ ಅದೂ ನಿಂತಿತು. ಕೈ ಎತ್ತುವುದಕ್ಕೆ ಸದ್ದಿರುವುದಿಲ್ಲ.

ಬೇಡ ಅಂದ್ರೆ ಎಂದು ಹಲೀನಾ ಕಿಟಕಿಗೇ ಕೇಳಿದಳು. ಬೇಡ ಅಂದರೆ ಮುಂದಿನ ವರ್ಷ ಮತ್ತೆ ಕೇಳೋಣ ಎಂದೆ.

ಅಂಬ್ರೋಸ್ ನೆಲ ನೋಡುತ್ತಲೇ ಕೇಳಿದ.

"ಯಾರು ಎಣಿಸ್ತಿರೋದು?"

ನನ್ನನ್ನು ಕೇಳಿದ್ದೋ ಅಲ್ಲವೋ ಎಂದು ಒಂದು ಕ್ಷಣ ತಿಳಿಯಲಿಲ್ಲ. "ಮೆಲ್ಕ್," ಎಂದೆ.

ಅವನು ಎದ್ದು ಬಾಗಿಲು ಬಡಿಯುತ್ತಾನೆ ಎಂದುಕೊಂಡೆ.

"ಸರಿಯಾಗೇ ಎಣಿಸ್ತಾನೆ ಬಿಡು," ಎಂದ.

ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ, ಕಳೆದುಹೋದ ಮನೆಗೆ ಆ ಒಂದು ಮಾತು ಸಮವೂ ಅಲ್ಲ. ಆದರೆ ಬೆಂಚಿನ ಒಂದು ತುದಿಗೆ ಸರಿದು ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ.